ಬೆರಿ ಸಿರಪ್ ಮತ್ತು ಸೋಡಾ: ಯಾವ ಹಣ್ಣಿಗೆ ಯಾವ ದಾರಿ?

ಒಂದೇ ದಿನ ತಂದ ಸ್ಟ್ರಾಬೆರಿ, ಒಂದೇ ಡಬ್ಬಿಯ ಸಕ್ಕರೆ, ಒಂದೇ ಬಾಟಲಿಯ ಸೋಡಾ. ಆದರೂ ಎರಡು ಲೋಟದಲ್ಲಿ ಎರಡು ಬೇರೆ ಪಾನೀಯ. ಎಡಗಡೆಯದು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಮೂಗಿನ ಹತ್ತಿರ ತಂದರೆ ಜಾಮ್ ವಾಸನೆ. ಬಲಗಡೆಯದು ತಿಳಿಗೆಂಪು. ಗುಳ್ಳೆ ಒಡೆದಾಗಲೆಲ್ಲ ಹಸಿ ಹಣ್ಣಿನ ಘಮ ಬರುತ್ತದೆ. ವ್ಯತ್ಯಾಸ ಇಷ್ಟೇ. ಮೊದಲನೆಯ ಸಿರಪ್ಪನ್ನು ನಾನು ಅರ್ಧ ಗಂಟೆ ಕುದಿಸಿದ್ದೆ. ಎರಡನೆಯದು ಒಲೆಯ ಹತ್ತಿರವೇ ಹೋಗಿರಲಿಲ್ಲ.

ಮನೆಯಲ್ಲಿ ಇಂಥ ಪಾನೀಯ ಮಾಡಲು ಹೊರಟವರು ಮೊದಲು ಕೇಳುವುದು "ಸೋಡಾ ಮೆಷಿನ್ ತಗೋಬೇಕಾ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ರುಚಿ ಬರುವುದು ಸಿರಪ್ಪಿನಿಂದ, ಗುಳ್ಳೆ ಉಳಿಯುವುದು ತಂಪಿನಿಂದ. ಇವೆರಡು ಸರಿಯಾಗಿದ್ದರೆ ಅಂಗಡಿಯ ಮಾಮೂಲಿ ಸೋಡಾ ಸಾಕು. ಇವೆರಡು ಕೈಕೊಟ್ಟರೆ ಎಂಥ ಮೆಷಿನ್ ಇದ್ದರೂ ಲೋಟದಲ್ಲಿರುವುದು ಸಪ್ಪೆ ನೀರು. ಹಾಗಾಗಿ ಆಯ್ಕೆಗಳನ್ನು ಆ ಕ್ರಮದಲ್ಲೇ ನೋಡೋಣ. ಮೊದಲು ಸಿರಪ್, ಆಮೇಲೆ ಗುಳ್ಳೆ.

ಒಲೆ ಹಚ್ಚಬೇಕಾ, ಬೇಡ್ವಾ?

ಹಸಿ ಸಿರಪ್ ಅಂದರೆ ಹಣ್ಣಿನ ಮೇಲೆ ಸಕ್ಕರೆ ಸುರಿದು ಸುಮ್ನೆ ಬಿಡುವುದು. ಕೆಲಸವೆಲ್ಲ ಸಕ್ಕರೆಯದು. ಹಣ್ಣಿನೊಳಗಿನ ನೀರನ್ನು ಅದು ಹೊರಗೆಳೆದುಕೊಂಡು, ಅದರಲ್ಲೇ ಕರಗಿ ಪಾಕವಾಗುತ್ತದೆ.

ಒಂದು ಸಲ ಗಾಜಿನ ಬಟ್ಟಲಲ್ಲಿ ಮಾಡಿ ನೋಡಿ. 500 ಗ್ರಾಂ ಸ್ಟ್ರಾಬೆರಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತೊಟ್ಟು ತೆಗೆದು ನಾಲ್ಕು ಹೋಳು ಮಾಡಿ. ಮೇಲೆ 350 ಗ್ರಾಂ ಸಕ್ಕರೆ ಹಾಕಿ ಒಮ್ಮೆ ಕೈಯಾಡಿಸಿ. ಸ್ವಲ್ಪ ಹೊತ್ತಿಗೆ ಬಿಳಿ ಸಕ್ಕರೆಯ ಅಂಚು ಗುಲಾಬಿ ಆಗುತ್ತದೆ. ಒಂದು ಗಂಟೆಗೆ ತಳದಲ್ಲಿ ಕೆಂಪು ರಸ ನಿಲ್ಲುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ತೆಗೆದರೆ ಹೋಳುಗಳು ಸುಕ್ಕುಗಟ್ಟಿ, ಅರ್ಧದಷ್ಟಾಗಿ, ತಮ್ಮದೇ ರಸದಲ್ಲಿ ತೇಲುತ್ತಿರುತ್ತವೆ. ತಳದಲ್ಲಿ ಒಂದಷ್ಟು ಸಕ್ಕರೆ ಕರಗದೆ ಕೂತಿರಬಹುದು. ಮಧ್ಯೆ ಎರಡು ಮೂರು ಸಲ ಕಲಕಿದ್ದರೆ ಅದೂ ಕರಗಿರುತ್ತದೆ. 24 ಗಂಟೆ ಆದ ಮೇಲೆ ಜರಡಿಯಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ಇಳಿಯಲಿ. ಒಂದು ನಿಂಬೆಯ ರಸ ಸೇರಿಸಿದರೆ ಸಿರಪ್ ಸಿದ್ಧ.

ಸ್ಟ್ರಾಬೆರಿಗೆ ಈ ದಾರಿಯೇ ಸರಿ ಅನ್ನಲು ಕಾರಣ ಇದೆ. ಅದರ ಘಮ ಹುಟ್ಟುವುದು ಬಹಳ ಹಗುರವಾದ, ಬೇಗ ಆವಿಯಾಗುವ ವಸ್ತುಗಳಿಂದ. ಕುದಿಸುವಾಗ ಅಡುಗೆಮನೆ ತುಂಬ ಒಳ್ಳೆಯ ವಾಸನೆ ಬಂತು ಅಂತ ಖುಷಿಪಡುತ್ತೇವೆ. ಆದರೆ ಆ ವಾಸನೆ ಪಾತ್ರೆಯಿಂದ ಹೊರಟುಹೋದದ್ದು, ಲೋಟಕ್ಕೆ ಬರಬೇಕಾಗಿದ್ದದ್ದು. ಬಣ್ಣದ ಕಥೆಯೂ ಅದೇ. ಬೆರಿಗಳ ಕೆಂಪು, ನೇರಳೆ ಬಣ್ಣಕ್ಕೆ ಕಾರಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯ. ಜಾಸ್ತಿ ಹೊತ್ತು ಕಾಸಿದರೆ ಅದು ಒಡೆದು ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಟ್ರಾಬೆರಿಯಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಬ್ಲೂಬೆರಿಯದು ಪೂರ್ತಿ ಉಲ್ಟಾ. ಒಂದು ಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿ. ಸಿಪ್ಪೆ ಗಾಢ ನೀಲಿ, ಒಳಗಿನ ತಿರುಳು ಮಾತ್ರ ಪೇಲವ ಹಸಿರು. ಬಣ್ಣವೆಲ್ಲ ಸಿಪ್ಪೆಯಲ್ಲೇ ಕೂತಿದೆ. ಆ ಸಿಪ್ಪೆಯ ಮೇಲೆ ಮೇಣದಂಥ ತೆಳು ಪದರ ಬೇರೆ. ಇಡೀ ಹಣ್ಣಿನ ಮೇಲೆ ಸಕ್ಕರೆ ಸುರಿದು ಎರಡು ದಿನ ಕಾದರೂ ಸಿಗುವುದು ತೆಳುವಾದ, ರುಚಿಯಿಲ್ಲದ ಸಿಹಿನೀರು. ಬಿಸಿ ತಾಗಿದರೆ ಸಿಪ್ಪೆ ಬಿರಿಯುತ್ತದೆ, ಬಣ್ಣ ಬಿಡುತ್ತದೆ, ರುಚಿಯೂ ಆಗಲೇ ತೆರೆದುಕೊಳ್ಳುತ್ತದೆ. ಹಸಿ ಬ್ಲೂಬೆರಿ ಬಾಯಿಗೆ ಸೌಮ್ಯ. ಬೆಂದ ಬ್ಲೂಬೆರಿಗೆ ಒಂದು ಗಟ್ಟಿತನ ಬರುತ್ತದೆ, ಅಲ್ವಾ?

ಬೇಯಿಸುವ ಕ್ರಮ ಸುಲಭ. 500 ಗ್ರಾಂ ಹಣ್ಣಿಗೆ 200 ಮಿಲಿ ನೀರು ಹಾಕಿ ಸಣ್ಣ ಉರಿಯಲ್ಲಿ ಇಡಿ. ಹಣ್ಣು ಬಿರಿಯಲು ಶುರುವಾದಾಗ ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿ. ಎಂಟು ಹತ್ತು ನಿಮಿಷ ಸಾಕು. ಸೋಸಿ, ರಸವನ್ನು ತೂಗಿ ನೋಡಿ. ಅದರ ಮುಕ್ಕಾಲರಿಂದ ಸಮ ತೂಕದಷ್ಟು ಸಕ್ಕರೆ ಸೇರಿಸಿ, ಕರಗುವಷ್ಟು ಮಾತ್ರ ಬಿಸಿ ಮಾಡಿ ಇಳಿಸಿ. ಸಕ್ಕರೆಯನ್ನು ಸೋಸಿದ ಮೇಲೆ ಹಾಕಿ ಅನ್ನುವುದಕ್ಕೂ ಕಾರಣ ಇದೆ. ತೆಳು ರಸ ಬಟ್ಟೆಯಿಂದ ಬೇಗ ಇಳಿಯುತ್ತದೆ, ದಪ್ಪ ಪಾಕ ಇಳಿಯುವುದಿಲ್ಲ. ಹಣ್ಣು ಬೇಯುವಾಗಲೇ ಸಕ್ಕರೆ ಇದ್ದರೆ ಜಾಮ್ ಆಗುವ ದಾರಿಯೂ ಹತ್ತಿರ.

ಎಳೆ ಬರುವಷ್ಟು ಪಾಕ ಖಂಡಿತ ಬೇಡ. ಸಿಹಿತಿಂಡಿಗೆ ಪಾಕ ಹಿಡಿದು ಅಭ್ಯಾಸ ಇರುವವರಿಗೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಸೋಡಾಕ್ಕೆ ಬೇಕಾದ ಸಿರಪ್ ಚಮಚದಿಂದ ನೀರಿಗಿಂತ ಸ್ವಲ್ಪ ನಿಧಾನವಾಗಿ ಇಳಿಯಬೇಕು, ಅಷ್ಟೇ. ದಪ್ಪ ಪಾಕ ತಣ್ಣನೆಯ ಸೋಡಾದಲ್ಲಿ ಕರಗದೆ ತಳದಲ್ಲಿ ಕೂರುತ್ತದೆ. ಅದನ್ನು ಕಲಕಲು ಹೋದರೆ ಗುಳ್ಳೆಯೆಲ್ಲ ಹಾರಿಹೋಗುತ್ತದೆ.

ಉಳಿದ ಹಣ್ಣುಗಳು

ರಾಸ್ಪ್‌ಬೆರಿ ಎರಡೂ ದಾರಿಗೆ ಒಗ್ಗುವ ಹಣ್ಣು. ಮೊದಲ ಸಲ ಸಿರಪ್ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಹಣ್ಣು ಮೆದು, ಹುಳಿ ಸಾಕಷ್ಟಿದೆ, ಘಮ ಜೋರು. ಸಕ್ಕರೆ ಹಾಕಿ ಕಿವುಚಿಟ್ಟರೂ ರಸ ಬಿಡುತ್ತದೆ, ಐದು ನಿಮಿಷ ಕಾಸಿದರೂ ತನ್ನತನ ಬಿಡುವುದಿಲ್ಲ. ತಾಪತ್ರಯ ಬೀಜದ್ದು. ಸಣ್ಣ ಬೀಜ ತುಂಬ ಇರುತ್ತವೆ, ಮಿಕ್ಸಿಗೆ ಹಾಕಿದರೆ ಒಡೆದು ಕಹಿ ಒಗರು ಬಿಡುತ್ತವೆ. ಕೈಯಲ್ಲಿ ಅಥವಾ ಫೋರ್ಕಿನಲ್ಲಿ ಕಿವುಚಿದರೆ ಸಾಕು.

ಬ್ಲ್ಯಾಕ್‌ಬೆರಿಗೂ ಅದೇ ಮಾತು, ಆದರೆ ಸ್ವಲ್ಪ ಬಿಸಿ ಬೇಕು. ಪೂರ್ತಿ ಮಾಗದ ಹಣ್ಣು ಒಗರು ಜಾಸ್ತಿ. ಸೋಡಾದ ಚುರುಕಿನ ಜೊತೆ ಆ ಒಗರು ಇನ್ನೂ ಎದ್ದು ಕಾಣುತ್ತದೆ.

ಹಿಪ್ಪುನೇರಳೆ ಸಿಹಿಯಾಗಿ ಚೆನ್ನಾಗಿರುತ್ತದೆ, ಹುಳಿ ಮಾತ್ರ ಕಮ್ಮಿ. ಬರೀ ಅದರ ಸಿರಪ್ ಹಾಕಿದರೆ ಸೋಡಾ ಸಪ್ಪೆ ಅನಿಸುತ್ತದೆ. ಇದಕ್ಕೆ ನಿಂಬೆ ಇರಲೇಬೇಕು, ಬೇರೆ ಹಣ್ಣಿಗೆ ಹಾಕುವುದರ ಎರಡರಷ್ಟು. ಬಣ್ಣ ಬಟ್ಟೆಗೆ ತಾಗಿದರೆ ಸುಲಭಕ್ಕೆ ಹೋಗಲ್ಲ, ಹಳೇ ಬಟ್ಟೆ ಹಾಕಿಕೊಂಡೇ ಕೆಲಸ ಶುರುಮಾಡಿ.

ಕ್ರ್ಯಾನ್‌ಬೆರಿ ಮತ್ತು ಬ್ಲ್ಯಾಕ್‌ಕರಂಟ್ ಬೇಯಿಸಿಯೇ ಮಾಡುವ ಹಣ್ಣುಗಳು. ಎರಡರಲ್ಲೂ ಪೆಕ್ಟಿನ್ ಜಾಸ್ತಿ. ಜಾಮನ್ನು ಗಟ್ಟಿ ಮಾಡುವುದು ಇದೇ ಪೆಕ್ಟಿನ್. ಸಕ್ಕರೆ, ಹುಳಿ, ಪೆಕ್ಟಿನ್ ಮೂರೂ ಸೇರಿದ ಪಾಕ 104–105 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತಣ್ಣಗಾದ ಮೇಲೆ ಜೆಲ್ಲಿ ಆಗುತ್ತದೆ. ಇವನ್ನು ಕಾಸುವಾಗ ಒಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಬಾಟಲಿಯಲ್ಲಿ ಸಿರಪ್ ಹೆಪ್ಪುಗಟ್ಟಿದರೂ ಎಸೆಯಬೇಕಿಲ್ಲ, ಸ್ವಲ್ಪ ಬಿಸಿನೀರು ಸೇರಿಸಿ ಕಾಸಿದರೆ ಸಡಿಲವಾಗುತ್ತದೆ. ಬ್ಲ್ಯಾಕ್‌ಕರಂಟಿನ ರುಚಿ ತುಂಬ ಗಾಢ. ಬೇರೆ ಸಿರಪ್ 30 ಮಿಲಿ ಬೇಕಾದ ಕಡೆ ಇದು 20 ಮಿಲಿ ಸಾಕು.

ಫ್ರೀಜರ್ ಹಣ್ಣಿನ ಬಗ್ಗೆ ಎರಡು ಮಾತು. ಹಣ್ಣು ಹೆಪ್ಪುಗಟ್ಟುವಾಗ ಒಳಗಿನ ನೀರು ಮಂಜಿನ ಹರಳಾಗಿ ಹಣ್ಣಿನ ಕೋಶಗಳನ್ನು ಹರಿದುಹಾಕುತ್ತದೆ. ಕರಗಿದಾಗ ರಸ ತಾನಾಗಿ ಸೋರುತ್ತದೆ. ತಿನ್ನಲು ಅದು ಕೊರತೆ, ಸಿರಪ್ಪಿಗೆ ಅನುಕೂಲ. ತಾಜಾ ಹಣ್ಣನ್ನೂ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಆಮೇಲೆ ಸಕ್ಕರೆ ಹಾಕಿದರೆ ರಸ ಬೇಗ ಬಿಡುತ್ತದೆ. ಇನ್ನೊಂದು ಮಾತು ಎಚ್ಚರಿಕೆಯದು. ಕೊಂಡು ತಂದ ಫ್ರೋಜನ್ ಬೆರಿಗಳಿಂದ ನೊರೊವೈರಸ್, ಹೆಪಟೈಟಿಸ್ ಎ ಹರಡಿದ ಪ್ರಕರಣಗಳು ಆಗಿವೆ. ಹೆಪ್ಪುಗಟ್ಟಿಸಿದರೆ ಈ ವೈರಸ್ ಸಾಯುವುದಿಲ್ಲ. ಅಂಥ ಹಣ್ಣನ್ನು ಹಸಿ ಸಿರಪ್ಪಿಗೆ ಬಳಸಬೇಡಿ. ಕನಿಷ್ಠ 1 ನಿಮಿಷ ಚೆನ್ನಾಗಿ ಕುದಿಸಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಕುಡಿಯುವುದಾದರೆ ಇದರಲ್ಲಿ ರಾಜಿ ಬೇಡ. ರುಚಿ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

ವಿನಿಗರ್ ಹಾಕುವ ಮೂರನೇ ದಾರಿ

ಇಂಗ್ಲಿಷಿನಲ್ಲಿ ಶ್ರಬ್ ಅನ್ನುತ್ತಾರೆ. ಹೆಸರು ಅರಬ್ಬಿ ಮೂಲದ್ದು, ನಮ್ಮ ಶರಬತ್ತಿಗೂ ಬೇರು ಅದೇ. ಹಣ್ಣು, ಸಕ್ಕರೆ, ವಿನಿಗರ್ ಮೂರೂ ಸಮ ತೂಕ. ಹಸಿ ಸಿರಪ್ ಮಾಡಿ ಸೋಸಿದ ಮೇಲೆ ವಿನಿಗರ್ ಬೆರೆಸಿ ಫ್ರಿಜ್ಜಿನಲ್ಲಿಡಬೇಕು. ಮೊದಲ ದಿನ ಕುಡಿದರೆ ಮೂಗಿಗೆ ಘಾಟು ಹೊಡೆಯುತ್ತದೆ. ಒಂದು ವಾರ ಬಿಡಿ. ಹುಳಿ ಮೆತ್ತಗಾಗಿ ಹಣ್ಣಿನ ಜೊತೆ ಬೆರೆತಿರುತ್ತದೆ.

ಸಿಹಿ ಜಾಸ್ತಿ ಇಷ್ಟಪಡದವರಿಗೆ ನಾನು ಇದನ್ನೇ ಕೊಡುತ್ತೇನೆ. ಹುಳಿ ಗಟ್ಟಿಯಾಗಿ ಇರುವುದರಿಂದ ಸ್ವಲ್ಪ ಸಿರಪ್ಪಿಗೇ ಲೋಟ ತುಂಬ ರುಚಿ ಬರುತ್ತದೆ. ಬಾಳಿಕೆಯೂ ಹೆಚ್ಚು. ಸೇಬಿನ ವಿನಿಗರ್ ಅಥವಾ ದ್ರಾಕ್ಷಿಯ ವಿನಿಗರ್ ಬಳಸಿ. ಬರೀ ಬಿಳಿ ವಿನಿಗರ್ ಒರಟು. ರಾಸ್ಪ್‌ಬೆರಿ ಇದಕ್ಕೆ ಹೇಳಿ ಮಾಡಿಸಿದ ಹಣ್ಣು.

ಸಕ್ಕರೆ, ನಿಂಬೆ, ಬಟ್ಟೆ

ಸಕ್ಕರೆ ಬಿಳಿಯದೇ ಇರಲಿ. ಬೆಲ್ಲ, ಕಂದು ಸಕ್ಕರೆ, ಜೇನುತುಪ್ಪ ಇವುಗಳಿಗೆಲ್ಲ ತಮ್ಮದೇ ರುಚಿ ಇದೆ. ಬೆರಿಯ ನವಿರು ಘಮ ಅದರಡಿ ಮುಚ್ಚಿಹೋಗುತ್ತದೆ. ಜೇನು ಬೇಕೇ ಬೇಕೆನಿಸಿದರೆ ಬ್ಲ್ಯಾಕ್‌ಬೆರಿಯ ಜೊತೆ ನೋಡಿ, ಅದು ತಡೆದುಕೊಳ್ಳುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಬೆರೆಸಿದ ಯಾವುದನ್ನೂ ಕೊಡಬಾರದು.

ಸಕ್ಕರೆಯ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ರಸ, ಸಕ್ಕರೆ ಸಮ ತೂಕ ಇರುವ ಸಿರಪ್ 30 ಮಿಲಿ ಹಾಕಿದರೆ ಲೋಟಕ್ಕೆ ಸುಮಾರು 18 ರಿಂದ 20 ಗ್ರಾಂ ಸಕ್ಕರೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಹೀಗಿದೆ: ಹೊರಗಿಂದ ಸೇರುವ ಸಕ್ಕರೆ ದಿನದ ಶಕ್ತಿಯ ಶೇ. 10ಕ್ಕಿಂತ ಕಮ್ಮಿ ಇರಬೇಕು, ಶೇ. 5ಕ್ಕಿಂತ ಕಮ್ಮಿಯಾದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿಯ ಊಟಕ್ಕೆ ಶೇ. 5 ಅಂದರೆ 25 ಗ್ರಾಂ. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಲ್ಲದೆ ಹೋಗುವುದಿಲ್ಲ. ಆದರೆ ಮನೆಯಲ್ಲಿ ಅಳತೆ ನಮ್ಮ ಕೈಯಲ್ಲಿದೆ. ಅದೇ ದೊಡ್ಡ ಲಾಭ. ಸಿರಪ್ 20 ಮಿಲಿಗೆ ಇಳಿಸಿ ನಿಂಬೆ ಒಂದು ಚಮಚ ಏರಿಸಿದರೆ ಹೆಚ್ಚಿನವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ.

ಸಿರಪ್ಪನ್ನು ಬರೀ ನಾಲಿಗೆಯಲ್ಲಿ ನೋಡಿ ಸಿಹಿ ಜಾಸ್ತಿ ಆಯಿತು ಅಂದುಕೊಳ್ಳಬೇಡಿ. ತಂಪು ಸಿಹಿಯನ್ನು ತಗ್ಗಿಸುತ್ತದೆ, ಸೋಡಾದ ಚುರುಕು ಇನ್ನಷ್ಟು ತಗ್ಗಿಸುತ್ತದೆ. ಒಂದು ಚಮಚ ಸಿರಪ್ಪಿಗೆ ಐದು ಚಮಚ ತಣ್ಣನೆಯ ಸೋಡಾ ಬೆರೆಸಿಯೇ ರುಚಿ ನೋಡಿ.

ನಿಂಬೆ ರುಚಿಗೆ ಮಾತ್ರ ಅಲ್ಲ, ಬಣ್ಣಕ್ಕೂ ಬೇಕು. ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗಿ ಹೊಳೆಯುತ್ತದೆ, ಹುಳಿ ಕಮ್ಮಿಯಾದಂತೆ ನೇರಳೆಗೆ, ನೀಲಿಗೆ ಜಾರುತ್ತದೆ. ಮಂಕು ನೇರಳೆ ಬಣ್ಣದ ಬ್ಲೂಬೆರಿ ಸಿರಪ್ಪಿಗೆ ನಾಲ್ಕು ಹನಿ ನಿಂಬೆ ಬಿಟ್ಟು ನೋಡಿ. ಹನಿ ಬಿದ್ದ ಜಾಗದಲ್ಲಿ ಕೆಂಪು ಅರಳಿ ಸುತ್ತ ಹರಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರ ಕೈಯಲ್ಲೇ ಮಾಡಿಸಿ.

ಇನ್ನು ಸೋಸುವುದು. ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ಗುಳ್ಳೆ ಸುಮ್ನೆ ಎಲ್ಲಿಂದಲೋ ಏಳುವುದಿಲ್ಲ. ಅದಕ್ಕೆ ಒಂದು ಆಸರೆ ಬೇಕು. ಒರಟು ಜಾಗ, ಸಣ್ಣ ಚೂರು, ನಾರಿನ ತುಣುಕು, ಯಾವುದಾದರೂ ಸರಿ. ಸಿರಪ್ಪಿನಲ್ಲಿ ತಿರುಳು ತೇಲುತ್ತಿದ್ದರೆ ಸೋಡಾ ಸುರಿದ ಕೂಡಲೇ ಪ್ರತಿಯೊಂದು ಚೂರಿನ ಮೇಲೂ ಗುಳ್ಳೆ ಹುಟ್ಟಿ, ನೊರೆ ಉಕ್ಕಿ, ಎರಡೇ ನಿಮಿಷಕ್ಕೆ ಸೋಡಾ ಸತ್ತಂತಾಗುತ್ತದೆ. ಜರಡಿಯಲ್ಲಿ ಒಮ್ಮೆ ಸೋಸಿ, ಆಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಬಟ್ಟೆಯನ್ನು ಕಟ್ಟಿ ಬಟ್ಟಲಿನ ಮೇಲೆ ತೂಗುಹಾಕಿ ಒಂದೆರಡು ಗಂಟೆ ಬಿಟ್ಟರೆ ತಿಳಿಯಾದ ರಸ ಇಳಿಯುತ್ತದೆ. ಬಟ್ಟೆ ಹಿಂಡುವ ಆಸೆ ಎಲ್ಲರಿಗೂ ಬರುತ್ತದೆ. ಹಿಂಡಿದ ರಸವನ್ನು ಬೇರೆ ಲೋಟಕ್ಕೆ ತೆಗೆದು ನೀರಿಗೋ ಮೊಸರಿಗೋ ಬೆರೆಸಿ ಕುಡಿಯಿರಿ, ಸೋಡಾದ ಬಾಟಲಿಗೆ ಸೇರಿಸಬೇಡಿ. ಹಿಪ್ಪೆಯನ್ನೂ ಎಸೆಯಬೇಡಿ. ಹಸಿ ಸಿರಪ್ಪಿನ ಹಿಪ್ಪೆಯಲ್ಲಿ ರುಚಿ ಇನ್ನೂ ಉಳಿದಿರುತ್ತದೆ, ಬ್ರೆಡ್ಡಿಗೆ ಹಚ್ಚಿಕೊಳ್ಳಬಹುದು.

ಈಗ ಗುಳ್ಳೆಯ ವಿಷಯ

ನೀರಿಗೆ ಗುಳ್ಳೆ ತುಂಬಿಸುವ ದಾರಿ ಹುಡುಕಿದವರಲ್ಲಿ ಜೋಸೆಫ್ ಪ್ರೀಸ್ಟ್ಲಿ ಹೆಸರು ದೊಡ್ಡದು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಅವರ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಜಾಗ ಇತ್ತು. ಹುದುಗುತ್ತಿದ್ದ ತೊಟ್ಟಿಯ ಮೇಲೆ ನಿಂತ ಗಾಳಿಯ ನಡುವೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಹೊಯ್ದರು. ನೀರಿಗೆ ಚುರುಕು ಬಂತು. ಆ ಗಾಳಿ ಇಂಗಾಲದ ಡೈಆಕ್ಸೈಡ್. ಇವತ್ತಿಗೂ ನಾವು ಮಾಡುತ್ತಿರುವುದು ಅದನ್ನೇ, ಒತ್ತಡ ಜಾಸ್ತಿ ಅಷ್ಟೇ.

ಬಾಟಲಿ ಸೋಡಾ ಕೊಳ್ಳುವುದು ಎಲ್ಲಕ್ಕಿಂತ ಸುಲಭ. ಆದರೆ ಲೇಬಲ್ ಓದಿ. ಬರೀ ನೀರು ಮತ್ತು ಗ್ಯಾಸ್ ಇರುವ ಸೋಡಾ ಬೆರಿ ಸಿರಪ್ಪಿಗೆ ಒಳ್ಳೆಯದು. ಕ್ಲಬ್ ಸೋಡಾ ಅಂತ ಮಾರುವುದರಲ್ಲಿ ಸೋಡಿಯಂ ಬೈಕಾರ್ಬೊನೇಟಿನಂಥ ಲವಣ ಸೇರಿಸಿರುತ್ತಾರೆ. ಅದು ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ, ಬ್ಲೂಬೆರಿ ಬಣ್ಣವನ್ನು ಬೂದಿಯ ಕಡೆಗೆ ಎಳೆಯುತ್ತದೆ. ನಿಂಬೆ ಸ್ವಲ್ಪ ಜಾಸ್ತಿ ಹಾಕಿದರೆ ಸರಿಹೋಗುತ್ತದೆ. ಖನಿಜ ಜಾಸ್ತಿ ಇರುವ ಸ್ಪಾರ್ಕ್ಲಿಂಗ್ ಮಿನರಲ್ ವಾಟರಿಗೆ ತನ್ನದೇ ರುಚಿ ಇರುತ್ತದೆ. ಗಾಢ ಬ್ಲ್ಯಾಕ್‌ಕರಂಟಿಗೆ ಅದು ಹೊಂದುತ್ತದೆ, ಹಸಿ ಸ್ಟ್ರಾಬೆರಿಗೆ ಅಡ್ಡಬರುತ್ತದೆ. ಟಾನಿಕ್ ವಾಟರ್ ಬೇರೆಯದೇ ವಸ್ತು. ಅದರಲ್ಲಿ ಕ್ವಿನೈನಿನ ಕಹಿಯೂ ಇದೆ, ಸಾಮಾನ್ಯವಾಗಿ ಸಕ್ಕರೆಯೂ ಇದೆ. ಅದಕ್ಕೆ ಸಿರಪ್ ಹಾಕುವಾಗ ಅಳತೆ ಅರ್ಧಕ್ಕೆ ಇಳಿಸಿ.

ಬಾಟಲಿ ಸೋಡಾದ ಒಂದೇ ದೊಡ್ಡ ತೊಂದರೆ, ತೆರೆದ ಮೇಲೆ ಬಾಳುವುದಿಲ್ಲ. ಒಬ್ಬರೇ ಕುಡಿಯುವವರು ದೊಡ್ಡ ಬಾಟಲಿಗಿಂತ ಸಣ್ಣ ಬಾಟಲಿ ತರುವುದು ಒಳ್ಳೆಯದು.

ಮನೆಯ ಸೋಡಾ ಮೆಷಿನ್ ವಾರಕ್ಕೆ ನಾಲ್ಕೈದು ದಿನ ಸೋಡಾ ಕುಡಿಯುವ ಮನೆಗೆ ಸರಿ. ಪ್ಲಾಸ್ಟಿಕ್ ಬಾಟಲಿ ಹೊತ್ತು ತರುವ, ಎಸೆಯುವ ಕೆಲಸ ತಪ್ಪುತ್ತದೆ. ಗುಳ್ಳೆ ಎಷ್ಟು ಬೇಕೋ ಅಷ್ಟು ತುಂಬಿಕೊಳ್ಳಬಹುದು. ಆದರೆ ಸಿಲಿಂಡರ್ ತುಂಬಿಸಿಕೊಡುವವರು ಹತ್ತಿರದಲ್ಲಿ ಇದ್ದಾರಾ ಅಂತ ಮೊದಲು ನೋಡಿಕೊಳ್ಳಿ. ಅದಿಲ್ಲದಿದ್ದರೆ ಮೆಷಿನ್ ಆರು ತಿಂಗಳಿಗೆ ಅಟ್ಟ ಸೇರುತ್ತದೆ. ಬರೀ ನೀರಿಗೆಂದು ಮಾಡಿದ ಮೆಷಿನ್ನಿಗೆ ಸಿರಪ್ ಬೆರೆಸಿದ ನೀರನ್ನು ಯಾವತ್ತೂ ಹಾಕಬೇಡಿ. ನೊರೆ ಉಕ್ಕಿ ನಳಿಕೆಯೊಳಗೆ ಹೋಗಿ ಅಂಟುಕಟ್ಟುತ್ತದೆ. ಮೊದಲು ನೀರಿಗೆ ಗ್ಯಾಸ್, ಆಮೇಲೆ ಲೋಟದಲ್ಲಿ ಸಿರಪ್.

ಸೈಫನ್ ಬಾಟಲಿ ಇದಕ್ಕಿಂತ ಚಿಕ್ಕದು, ಜಾಗ ಕಮ್ಮಿ. ಒಂದು ಲೀಟರ್ ಬಾಟಲಿಗೆ 8 ಗ್ರಾಂ ಗ್ಯಾಸಿನ ಪುಟ್ಟ ಕ್ಯಾಪ್ಸೂಲ್ ಹಾಕುತ್ತಾರೆ. ಅತಿಥಿಗಳು ಬಂದಾಗ ಮಾತ್ರ ಸೋಡಾ ಬೇಕು ಅನ್ನುವವರಿಗೆ ಚೆನ್ನಾಗಿದೆ. ಕ್ಯಾಪ್ಸೂಲ್ ಕೊಳ್ಳುವಾಗ ಎಚ್ಚರ. ಕ್ರೀಮ್ ಉಬ್ಬಿಸಲು ಮಾರುವ ಕ್ಯಾಪ್ಸೂಲ್ ನೋಡಲು ಹಾಗೆಯೇ ಇರುತ್ತದೆ, ಒಳಗಿರುವುದು ನೈಟ್ರಸ್ ಆಕ್ಸೈಡ್. ಅದರಿಂದ ಸೋಡಾದ ಚುರುಕು ಬರುವುದಿಲ್ಲ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕಾರ್ಬೊನಿಕ್ ಆಮ್ಲವಾಗುವುದರಿಂದಲೇ ನಾಲಿಗೆ ಚುರ್ ಅನ್ನುವುದು.

ಅಡುಗೆ ಸೋಡಾಕ್ಕೆ ಸಿಟ್ರಿಕ್ ಆಮ್ಲ ಬೆರೆಸಿ ಗುಳ್ಳೆ ಎಬ್ಬಿಸುವುದೂ ಒಂದು ದಾರಿ. ನೋಡಲು ಮಜವಾಗಿದೆ, ಕುಡಿಯಲು ಅಷ್ಟಕ್ಕಷ್ಟೆ. ಲೋಟದಲ್ಲಿ ಉಪ್ಪುಪ್ಪು ರುಚಿಯ ಸೋಡಿಯಂ ಸಿಟ್ರೇಟ್ ಉಳಿಯುತ್ತದೆ, ಗುಳ್ಳೆಯೂ ಬೇಗ ಮುಗಿಯುತ್ತದೆ. ಅಡುಗೆ ಸೋಡಾ ಸ್ವಲ್ಪ ಜಾಸ್ತಿಯಾದರೆ ಬೆರಿಯ ಬಣ್ಣವೂ ಕೆಡುತ್ತದೆ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಹುದುಗಿಸಿ ಗುಳ್ಳೆ ಬರಿಸುವುದು

ಇದು ಆಸಕ್ತಿ ಇರುವವರ ದಾರಿ, ಅವಸರದವರದ್ದಲ್ಲ. ಸಿರಪ್ ಬೆರೆಸಿದ ನೀರಿಗೆ ಚಿಟಿಕೆ ಯೀಸ್ಟ್ ಹಾಕಿ ಬಾಟಲಿಯಲ್ಲಿ ಮುಚ್ಚಿಟ್ಟರೆ, ಅದು ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಈ ಗುಳ್ಳೆ ಸಣ್ಣ, ಮೃದು. ರುಚಿಗೂ ಒಂದು ಆಳ ಬರುತ್ತದೆ. ಮೆಷಿನ್ ಗುಳ್ಳೆಯಲ್ಲಿ ಅದು ಸಿಗುವುದಿಲ್ಲ.

ಆದರೆ ಲೆಕ್ಕ ತಿಳಿದೇ ಮಾಡಬೇಕು. ಒಂದು ಲೀಟರ್ ನೀರಿಗೆ ಅದರದೇ ಗಾತ್ರದಷ್ಟು ಗ್ಯಾಸ್ ತುಂಬಲು ಸುಮಾರು 4 ಗ್ರಾಂ ಸಕ್ಕರೆ ಹುದುಗಿದರೆ ಸಾಕು. ತಂಪು ಪಾನೀಯದಷ್ಟು ಚುರುಕಿಗೆ ಗ್ಯಾಸ್ ನೀರಿನ ಗಾತ್ರದ ನಾಲ್ಕು ಪಟ್ಟು ಬೇಕು. ಅಂದರೆ 16 ಗ್ರಾಂ ಸಕ್ಕರೆ. ನಮ್ಮ ಪಾನೀಯದ ಒಂದು ಲೀಟರಿನಲ್ಲಿ 80–100 ಗ್ರಾಂ ಸಕ್ಕರೆ ಇರುತ್ತದೆ. ಯೀಸ್ಟ್ 16ಕ್ಕೆ ನಿಲ್ಲುವುದಿಲ್ಲ. ಹೊರಗಡೆ ಬಿಟ್ಟರೆ ತಿನ್ನುತ್ತಲೇ ಹೋಗುತ್ತದೆ, ಒತ್ತಡ ಏರುತ್ತಲೇ ಇರುತ್ತದೆ, ಕೊನೆಗೆ ಗಾಜಿನ ಬಾಟಲಿ ಸಿಡಿಯುತ್ತದೆ. ನನ್ನ ಮನೆಯಲ್ಲೇ ಒಂದು ಮಧ್ಯಾಹ್ನ ಕಪಾಟಿನೊಳಗೆ ರಾಸ್ಪ್‌ಬೆರಿ ಬಾಟಲಿ ಒಡೆಯಿತು. ಒಂದು ಚೂರು ಎದುರಿನ ಬಾಗಿಲಿನ ಮರದಲ್ಲಿ ನಾಟಿಕೊಂಡಿತ್ತು. ಆ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅವತ್ತಿನಿಂದ ಗಾಜಿನ ಬಾಟಲಿಯಲ್ಲಿ ಹುದುಗಿಸುವುದು ನಿಲ್ಲಿಸಿದೆ.

ನೀವೂ ಸೋಡಾ ತುಂಬಿ ಬಂದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ಮೇಲೆ ಮೂರು ಬೆರಳು ಜಾಗ ಬಿಡಿ. ದಿನಕ್ಕೆ ಎರಡು ಸಲ ಬಾಟಲಿಯನ್ನು ಒತ್ತಿ ನೋಡಿ. ಬೆರಳಿಗೆ ಜಗ್ಗದಷ್ಟು ಬಿಗಿಯಾದ ಕೂಡಲೇ ಫ್ರಿಜ್ಜಿಗೆ ಹಾಕಿ. ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ದಿನದಲ್ಲೇ ಆಗಬಹುದು. ಫ್ರಿಜ್ಜಿನಲ್ಲಿ ಹುದುಗು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ, ಹಾಗಾಗಿ ಒಂದು ವಾರದೊಳಗೆ ಕುಡಿದು ಮುಗಿಸಿ. ಇನ್ನೊಂದು ಮಾತು: ಹುದುಗಿದ 16 ಗ್ರಾಂ ಸಕ್ಕರೆಯಿಂದ ಲೀಟರಿಗೆ ಹೆಚ್ಚುಕಮ್ಮಿ ಶೇ. 1ರಷ್ಟು ಆಲ್ಕೊಹಾಲ್ ಆಗುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಆಲ್ಕೊಹಾಲ್ ಮುಟ್ಟದವರಿಗೆ ಇದನ್ನು ಕೊಡಬೇಡಿ. ಉಳಿದವರಿಗೂ ಹೇಳಿಯೇ ಕೊಡಿ.

ಲೋಟದಲ್ಲಿ

ಇಲ್ಲಿ ಕೆಲಸ ಮಾಡುವುದು ತಂಪು. 0 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. ಸೋಡಾ ಒಂದನ್ನೇ ತಣ್ಣಗೆ ಮಾಡಿದರೆ ಸಾಲದು. ಸಿರಪ್ ತಣ್ಣಗಿರಬೇಕು, ಲೋಟವೂ ತಣ್ಣಗಿರಬೇಕು. ಕೋಣೆಯ ಬಿಸಿಯಲ್ಲಿದ್ದ ಲೋಟಕ್ಕೆ ಸೋಡಾ ಸುರಿದಾಗ ಏಳುವ ಆ ನೊರೆಯೆಲ್ಲ ನೀವು ಕಳೆದುಕೊಂಡ ಗುಳ್ಳೆ.

ಐಸ್ ಬಗ್ಗೆ ಜನರಲ್ಲಿ ಎರಡು ಮಾತಿದೆ. ಐಸ್ ತಂಪು ಕೊಡುತ್ತದೆ, ಆದರೆ ಅದರ ಒರಟು ಮೈಮೇಲೂ ಗುಳ್ಳೆ ಹುಟ್ಟಿ ಹಾರಿಹೋಗುತ್ತದೆ. ಪುಡಿ ಐಸ್ ಬೇಡವೇ ಬೇಡ. ದೊಡ್ಡ ತುಂಡು ಎರಡು ಸಾಕು. ಹಾಕುವ ಮೊದಲು ಒಮ್ಮೆ ತಣ್ಣೀರಿನಲ್ಲಿ ಅದ್ದಿ ತೆಗೆದರೆ ಮೈ ನುಣುಪಾಗುತ್ತದೆ.

ಸುರಿಯುವ ಕ್ರಮ ಹೀಗೆ. ಮೊದಲು ಸಿರಪ್ 30 ಮಿಲಿ. ಅದರ ಮೇಲೆ ಒಂದೆರಡು ಚಮಚ ಸೋಡಾ ಹಾಕಿ ಚಮಚದಲ್ಲಿ ಕಲಕಿ ಸಿರಪ್ಪನ್ನು ತೆಳುಮಾಡಿ. ಆಮೇಲೆ ಐಸ್. ಲೋಟ ಓರೆ ಮಾಡಿ, ಒಳಗೋಡೆಯ ಮೇಲೆ ಜಾರುವಂತೆ 150 ರಿಂದ 180 ಮಿಲಿ ಸೋಡಾ ನಿಧಾನವಾಗಿ ಸುರಿಯಿರಿ. ಚಮಚವನ್ನು ತಳಕ್ಕೆ ಇಳಿಸಿ ಒಂದೇ ಸಲ ಮೇಲಕ್ಕೆ ಎತ್ತಿ. ತಳದ ಬಣ್ಣ ಹೊಗೆಯಂತೆ ಮೇಲೇಳುತ್ತದೆ. ಗರಗರ ತಿರುಗಿಸಬೇಡಿ.

ಬಣ್ಣ ಕೆಳಗಿನಿಂದ ಮೇಲಕ್ಕೆ ತಿಳಿಯಾಗುವ ಹಾಗೆ ಪದರವಾಗಿ ಕಾಣಬೇಕೆಂದರೆ ಕಲಕದೆ ಬಿಡಿ. ಸಿರಪ್ ಸೋಡಾಕ್ಕಿಂತ ಭಾರ, ತಾನಾಗಿ ಕೆಳಗೇ ನಿಲ್ಲುತ್ತದೆ. ನೋಡಲು ಚಂದ. ಆದರೆ ಮೊದಲ ಗುಟುಕು ಸಪ್ಪೆ, ಕೊನೆಯದು ಪಾಕ. ಫೋಟೋ ತೆಗೆದ ಮೇಲೆ ಒಮ್ಮೆ ಕಲಕಿಯೇ ಕುಡಿಯಿರಿ.

ಎಷ್ಟು ದಿನ ಇಡಬಹುದು?

ಹಸಿ ಸಿರಪ್ ಫ್ರಿಜ್ಜಿನಲ್ಲಿ ಒಂದು ವಾರ. ಬೇಯಿಸಿದ್ದು, ಕುದಿನೀರಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ಬಿಸಿ ಇರುವಾಗಲೇ ತುಂಬಿದ್ದರೆ ಎರಡರಿಂದ ಮೂರು ವಾರ. ವಿನಿಗರ್ ಹಾಕಿದ್ದು ಎರಡು ಮೂರು ತಿಂಗಳು. ಬೂಸ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದು ಬಳಸುವ ಯೋಚನೆ ಬೇಡ, ಇಡೀ ಬಾಟಲಿ ಚೆಲ್ಲಿ. ಮುಚ್ಚಳ ತೆಗೆದಾಗ ಬುಸ್ ಅಂದರೆ ಸಿರಪ್ ಹುದುಗಲು ಶುರುವಾಗಿದೆ ಅಂತ ಅರ್ಥ. ಅದನ್ನೂ ಚೆಲ್ಲಿ. ಸಕ್ಕರೆ ಕಮ್ಮಿ ಹಾಕಿದಷ್ಟೂ ಬಾಳಿಕೆ ಕಮ್ಮಿ, ಅದು ನೆನಪಿರಲಿ.

ಹಣ್ಣಿನ ಕಾಲದಲ್ಲಿ ಜಾಸ್ತಿ ಮಾಡಿದ್ದನ್ನು ಐಸ್ ಟ್ರೇಯಲ್ಲಿ ಸುರಿದು ಫ್ರೀಜರಿನಲ್ಲಿಡಿ. ಹಸಿ ಸ್ಟ್ರಾಬೆರಿ ಸಿರಪ್ಪಿನ ಘಮ ತಿಂಗಳುಗಟ್ಟಲೆ ಉಳಿಯಲು ನನಗೆ ಸಿಕ್ಕ ದಾರಿ ಇದೊಂದೇ. ಸಕ್ಕರೆ ಇರುವುದರಿಂದ ಅದು ಕಲ್ಲಿನಂತೆ ಗಟ್ಟಿಯಾಗುವುದಿಲ್ಲ, ಚಮಚದಲ್ಲಿ ಕೆರೆದು ತೆಗೆಯಬಹುದು. ಎರಡು ತುಂಡು ಲೋಟಕ್ಕೆ ಹಾಕಿ ಮೇಲೆ ಸೋಡಾ ಸುರಿದರೆ ಸಿರಪ್, ಐಸ್ ಎರಡರ ಕೆಲಸವೂ ಆಗುತ್ತದೆ. ಕರಗುತ್ತಾ ಹೋದಂತೆ ಕೆಂಪು ಎಳೆಗಳು ಗುಳ್ಳೆಯ ನಡುವೆ ಇಳಿಯುತ್ತವೆ. ಐದು ನಿಮಿಷ ಬಿಟ್ಟು ಕುಡಿಯಿರಿ.